ಅಂಗೈಗೆ ಅಂಟದಷ್ಟು ಎಣ್ಣೆ

ಪ್ರೀತಿಯ ದೊಡ್ಡಮ್ಮನಿಗೆ,

ಈ ಪತ್ರವನ್ನು ಎರಡು ಸಲ ಬರೆದು ಹರಿದು ಹಾಕಿದ್ದೇನೆ. ಎರಡರಲ್ಲೂ ಸಂತೋಷದ ಸುದ್ದಿ ಪೂರ್ತಿ ಇತ್ತು, ಡಬ್ಬದ ವಿಷಯ ಮಾತ್ರ ಇರಲಿಲ್ಲ. ಅದನ್ನು ಬಿಟ್ಟರೂ ಪತ್ರ ಚೆನ್ನಾಗಿಯೇ ಓದಿಸಿಕೊಂಡು ಹೋಗುತ್ತಿತ್ತು, ಹೆದರಿಕೆಯಾದದ್ದು ಅದಕ್ಕೇ. ಆದ್ದರಿಂದ ಈ ಸಲ ಅದನ್ನೇ ಮೊದಲು ಬರೆಯುತ್ತೇನೆ. ಹದಿನೇಳು ವರ್ಷದ ಹಿಂದೆ ಬೀಜದ ಉಗ್ರಾಣದಲ್ಲಿ ಆ ಒಂದು ಡಬ್ಬ ಅಲಸಂದೆ ಕೆಟ್ಟಿದ್ದು ನಿನ್ನ ಎಣ್ಣೆಯಿಂದಲ್ಲ, ನನ್ನಿಂದ. ನನಗೆ ಅದು ಆವತ್ತೇ ಅರ್ಧ ಗೊತ್ತಿತ್ತು.

ಫೋನ್ ಮಾಡಬಹುದಿತ್ತು. ಆದರೆ ಬೀಜದ ಮಾತು ಬಂದ ಕೂಡಲೇ ನೀನು ಟಿವಿಯ ಸದ್ದು ಜೋರು ಮಾಡುತ್ತೀಯ. ನಾನೂ ಅದನ್ನೇ ನೆಪ ಮಾಡಿಕೊಂಡು "ಊಟ ಆಯ್ತಾ" ಎಂದು ಕೇಳಿ ಫೋನ್ ಇಡುತ್ತೇನೆ. ಇಷ್ಟು ವರ್ಷ ನಾವಿಬ್ಬರೂ ಒಬ್ಬರ ಊಟವನ್ನು ಇನ್ನೊಬ್ಬರು ವಿಚಾರಿಸಿಕೊಂಡೇ ಕಾಲ ತಳ್ಳಿದ್ದೇವೆ.

ಉಗ್ರಾಣದ ಕಿಟಕಿಯ ಕೆಳಗೆ ನೀನು ಗೋಣಿ ಹಾಸಿಕೊಂಡು ಕೂರುತ್ತಿದ್ದ ಜಾಗ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಗಲವಾದ ತಟ್ಟೆಯಲ್ಲಿ ಒಂದೇ ಕಿಲೋ ಕಾಳು. ಒಂದು ಚಮಚ ಕಡಲೆಕಾಯಿ ಎಣ್ಣೆ, ಅದರಲ್ಲಿ ಎರಡು ತೊಟ್ಟು ಲವಂಗದ ಎಣ್ಣೆ. ಆಮೇಲೆ ನಿನ್ನ ಎರಡು ಅಂಗೈ. "ಕಾಳು ಮಿಂಚಬೇಕು, ಕೈಗೆ ಅಂಟಬಾರದು. ಅಲ್ಲೀವರೆಗೂ ನಿಲ್ಲಿಸಬೇಡ. ಮಗುನ ಮೈ ಒರೆಸಿದ ಹಾಗೆ ಮೆತ್ತಗೆ, ಪಾತ್ರೆ ತಿಕ್ಕಿದ ಹಾಗಲ್ಲ" ಎನ್ನುತ್ತಿದ್ದೆ. ಕಾಲೇಜು ಮುಗಿಸಿ ಅದೇ ಉಗ್ರಾಣದ ಪರೀಕ್ಷಾ ಕೋಣೆಗೆ ಸೇರಿದ್ದ ನನಗೆ ಒಂದು ದಿನ ಸವಾಲು ಹಾಕಿದೆ. "ಟಸ್‌ಪುಸ್ ರಾಣಿ, ಇವತ್ತು ಒಂದು ಡಬ್ಬ ನೀನೇ ಮಾಡು. ಇಂಗ್ಲಿಷ್ ಪುಸ್ತಕ ಎಷ್ಟು ಕಲಿಸಿದೆ ನೋಡೋಣ."

ನಲವತ್ತು ಕಿಲೋ. ನಾಲ್ಕು ಕಿಲೋ ಮುಗಿಯುವಷ್ಟರಲ್ಲಿ ನನ್ನ ಅಂಗೈ ಉರಿಯುತ್ತಿತ್ತು. ಆಗ ಬುದ್ಧಿ ಓಡಿಸಿದೆ. ಅದೇ ಕಾಳು, ಅದೇ ಎಣ್ಣೆ, ಕಿಲೋಕಿಲೋ ಉಜ್ಜಿದರೇನು, ಒಟ್ಟಿಗೆ ಕಲಸಿದರೇನು? ಉಳಿದ ಕಾಳನ್ನೆಲ್ಲ ಡಬ್ಬದ ಬಾಯಿವರೆಗೆ ತುಂಬಿ, ಮೂವತ್ತಾರು ಚಮಚ ಎಣ್ಣೆ ಸುರಿದು, ಮುಚ್ಚಳ ಬಡಿದು, ನೆಲದ ಮೇಲೆ ಮಲಗಿಸಿ ಕಾಲಿನಿಂದ ಆ ಗೋಡೆಗೂ ಈ ಗೋಡೆಗೂ ಉರುಳಿಸಿದೆ. ನೀನು ಚಹಾ ಕುಡಿದು ಬಂದಾಗ ಡಬ್ಬ ಸಾಧುವಿನ ಹಾಗೆ ನೆಟ್ಟಗೆ ನಿಂತಿತ್ತು. "ಇಷ್ಟು ಬೇಗ ಆಯ್ತಾ?" ಎಂದು ನೀನು ಕೇಳಿದೆ. "ಆಯ್ತು ದೊಡ್ಡಮ್ಮ" ಎಂದೆ ನಾನು. ನೀನು ಮುಚ್ಚಳ ತೆಗೆದು ನೋಡಲಿಲ್ಲ. ನನ್ನ ಮಾತು ನಂಬಿದೆ.

ಬಾಯಿವರೆಗೆ ತುಂಬಿದ ಡಬ್ಬವನ್ನು ಎಷ್ಟು ಉರುಳಿಸಿದರೂ ಒಳಗಿನ ಕಾಳು ಜಾಗ ಬಿಟ್ಟು ಕದಲುವುದಿಲ್ಲ. ಮೂರು ತಿಂಗಳ ಮೇಲೆ ತೆಗೆದಾಗ ಮೇಲಿನ ಅರ್ಧ ತೂತು ತೂತಾಗಿತ್ತು, ಕೆಳಗಿನ ಅರ್ಧ ಎಣ್ಣೆಯಲ್ಲಿ ನೆನೆದು ಕಮಟು ನಾತ ಹೊಡೆಯುತ್ತಿತ್ತು, ಬಿತ್ತಿದರೆ ಮೊಳೆಯಲಿಲ್ಲ. ಮ್ಯಾನೇಜರು ಎಲ್ಲರೆದುರು ನಿನಗೆ ಹೇಳಿದ್ದು ನೆನಪಿದೆ: "ಎಣ್ಣೆ ಹಾಕಿದ್ದೀರಲ್ಲ, ಉಪ್ಪು ಖಾರನೂ ಹಾಕ್ಬಿಡಿ, ತಿಂದು ಮುಗಿಸೋಣ." ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಎಣ್ಣೆಯ ವಿಧಾನವನ್ನು ನಂಬುವಂತಿಲ್ಲ ಎಂದು ಬರೆದೆ. ನೀನು ಉಜ್ಜಿದ ಉಳಿದ ಹನ್ನೊಂದು ಡಬ್ಬ ಚೆನ್ನಾಗಿದ್ದದ್ದನ್ನು ಆಕಸ್ಮಿಕ ಎಂದು ಬರೆದೆ. "ಏನ್ ಬರೆದಿದ್ದೀಯೇ, ಓದಿ ಹೇಳು" ಎಂದು ನೀನು ಕೇಳಿದಾಗ, "ಎಲ್ಲ ಇಂಗ್ಲಿಷಲ್ಲಿದೆ ದೊಡ್ಡಮ್ಮ, ನಿನಗೆ ಬೇಜಾರಾಗುತ್ತೆ" ಎಂದೆ. ಮುಂದಿನ ತಿಂಗಳು ನೀನು ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟು ಮನೆಗೆ ಹೋದೆ.

ನಾನು ಹೆದರಿ ಸುಮ್ಮನಿದ್ದೆನೋ, ಇಲ್ಲ ನನ್ನ ಕಲಿಕೆ ನಿನ್ನ ಕೈಗಿಂತ ದೊಡ್ಡದೆಂದು ನಂಬಿದ್ದೆನೋ? ಎರಡೂ ಇದ್ದಿರಬೇಕು. ಎರಡರಲ್ಲಿ ಯಾವುದು ಹೆಚ್ಚಿತ್ತು ಎಂದು ಈಗಲೂ ಖಚಿತವಾಗಿ ಹೇಳಲಾರೆ.

ಈಗ ಸುದ್ದಿ ಕೇಳು. ಟಿವಿ ಆರಿಸು, ಕನ್ನಡಕ ಹಾಕಿಕೋ.

ಅದೇ ಉಗ್ರಾಣದ ಹೊಸ ಮ್ಯಾನೇಜರಮ್ಮ ನಾಲ್ಕು ತಿಂಗಳ ಹಿಂದೆ ನಾನೀಗ ಕೆಲಸ ಮಾಡುವ ಪ್ರಯೋಗಾಲಯಕ್ಕೆ ಬಂದಿದ್ದರು. ಹೊಗೆ ಬಿಡುವ ಮಾತ್ರೆಗಳಿಗೆ ಹುಳು ಈಗ ಜಗ್ಗುತ್ತಿಲ್ಲವಂತೆ. ಗಿಡಗಳ ಎಣ್ಣೆಯಿಂದ ಏನಾದರೂ ಆದೀತೇ ಎಂದು ಕೇಳಿದರು. ನಾನು ಮೂರು ಗಾಜಿನ ಜಾಡಿ ಇಟ್ಟೆ. ಮೊದಲನೆಯದಕ್ಕೆ ಎಣ್ಣೆಯೇ ಇಲ್ಲ. ಎರಡನೆಯದು ನಿನ್ನ ಹಾಗೆ ಉಜ್ಜಿದ್ದು. ಮೂರನೆಯದು, ದೊಡ್ಡಮ್ಮ, ಉರುಳಿಸಿದ್ದು. ನನ್ನ ತಪ್ಪನ್ನು ಬೇಕೆಂದೇ ಇನ್ನೊಂದು ಸಲ ಮಾಡಿದೆ. ಮೂರಕ್ಕೂ ಕಾಳು ಕೊರೆಯುವ ಹುಳುವಿನ ದುಂಬಿ ಬಿಟ್ಟು ಬಟ್ಟೆ ಕಟ್ಟಿದೆ.

ಒಂದು ವಾರಕ್ಕೆ ನಿನ್ನ ಹಾಗೆ ಉಜ್ಜಿದ ಜಾಡಿಯಿಂದ ಕೆಲವು ಕಾಳು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ದುಂಬಿ ಕಾಳಿನ ಮೇಲೆ ಅಂಟಿಸುವ ಮೊಟ್ಟೆ ಸಾಸಿವೆಗಿಂತ ಸಣ್ಣದು, ಬೋರಲು ಹಾಕಿದ ಗಾಜಿನ ಬಟ್ಟಲಿನ ಹಾಗಿರುತ್ತದೆ. ಅದರ ಒಂದು ತುದಿಯಲ್ಲಿ ಪುಟ್ಟ ಲಾಳಿಕೆ ಇದೆ. ನಾವು ಸೀಸೆಗೆ ಎಣ್ಣೆ ಬಗ್ಗಿಸುತ್ತೇವಲ್ಲ, ಥೇಟ್ ಅಂಥದ್ದೇ. ಒಳಗಿನ ಮರಿಗೆ ಉಸಿರು ಬರುವುದು ಅದರಿಂದ. ನಿನ್ನ ಎಣ್ಣೆ ನೇರವಾಗಿ ಹೋಗಿ ಅಲ್ಲೇ ಕೂತಿತ್ತು. ಮೊಟ್ಟೆ ಒಡೆದು ಮರಿ ಕಾಳಿನೊಳಗೆ ಕೊರೆದರೆ ಮೊಟ್ಟೆಯ ಚಿಪ್ಪು ಬೆಳ್ಳಗಾಗುತ್ತದೆ. ಇವು ಗಾಜಿನ ಹಾಗೆಯೇ ಉಳಿದಿದ್ದವು. ನಾನು ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದು ನಿಂತೆ. ಪಕ್ಕದ ಕೋಣೆಯವರು ಬಂದು "ಏನ್ ಮೇಡಂ, ಇಲಿ ಬಂತಾ?" ಎಂದರು. ನನಗೆ ನಗು ತಡೆಯಲಾಗಲಿಲ್ಲ. ನಲವತ್ತನಾಲ್ಕು ವರ್ಷದ ಹೆಂಗಸು ಒಂದು ಮೊಟ್ಟೆ ನೋಡಿ ಕುಣಿಯುತ್ತಿದ್ದಾಳೆ ಎಂದು ಹೇಗೆ ಹೇಳಲಿ?

ಒಂದೊಂದು ಕಾಳಿಗೂ ಏಕೆ ಕೈ ತಾಗಬೇಕಿತ್ತು ಎಂದು ಆಗ ಅರ್ಥವಾಯಿತು. ಎಣ್ಣೆ ತಾಗದ ಕಾಳಿನ ಮೇಲೆ ಲಾಳಿಕೆ ತೆರೆದೇ ಇರುತ್ತದೆ. ಲವಂಗದ ಎಣ್ಣೆಯದು ಬೇರೆ ಕೆಲಸ. ಅದರ ಘಾಟು ಬೆಳೆದ ದುಂಬಿಯ ನರಗಳನ್ನು ಹಿಡಿಯುತ್ತದೆ, ಕಾಲು ತಡವರಿಸುತ್ತದೆ, ಮೊಟ್ಟೆಯಿಡಲು ಬಂದದ್ದು ಬಂದ ದಾರಿ ಹಿಡಿಯುತ್ತದೆ. ಘಾಟು ಬೇಗ ಆರಿಹೋಗುತ್ತದೆ, ಆಮೇಲೆ ಕಾವಲು ಕಾಯುವುದು ಕಡಲೆಕಾಯಿ ಎಣ್ಣೆಯೇ. ಕಾಳಿನೊಳಗೆ ಆಗಲೇ ಹೊಕ್ಕ ಮರಿಗೆ ಮಾತ್ರ ಎಣ್ಣೆ ಅಷ್ಟಾಗಿ ತಟ್ಟುವುದಿಲ್ಲ. ಕಾಳು ಒಣಗಿ ಬಂದ ದಿನವೇ ನೀನು ಉಜ್ಜಲು ಕೂರುತ್ತಿದ್ದೆ, "ನಾಳೆ ಅಂದ್ರೆ ಹುಳಕ್ಕೆ ಹಬ್ಬ" ಎನ್ನುತ್ತಿದ್ದೆ. ಲಾಳಿಕೆಯನ್ನು ನೀನು ಕಂಡಿರಲಿಲ್ಲ. ಅಂಗೈ ಹೇಗೋ ಕಂಡುಕೊಂಡಿತ್ತು.

ಮೂರು ತಿಂಗಳು ಕಳೆದು ಜಾಡಿಗಳನ್ನು ತೆಗೆದೆ. ಎಣ್ಣೆಯಿಲ್ಲದ್ದು ಹಿಟ್ಟಾಗಿತ್ತು. ಉರುಳಿಸಿದ್ದು ಮೇಲೆ ತೂತು, ಕೆಳಗೆ ಕಮಟು. ನಿನ್ನದರಲ್ಲಿ ಇನ್ನೂರು ಕಾಳಿಗೆ ಮೂರು ತೂತು. ಆ ಮೂರೂ ನನ್ನ ಕೈಯ ಕೊರತೆ, ನಿನ್ನದಾಗಿದ್ದರೆ ಅವೂ ಇರುತ್ತಿರಲಿಲ್ಲ.

ಈ ತಿಂಗಳ ಇಪ್ಪತ್ತಕ್ಕೆ ಉಗ್ರಾಣದಲ್ಲಿ ಸಭೆ ಇದೆ. ಹಳೆಯ ವರದಿ ಸುಳ್ಳು, ಡಬ್ಬ ಉರುಳಿಸಿದ್ದು ನಾನು ಎಂದು ಒಂದು ಪುಟ ಬರೆದಿದ್ದೇನೆ, ಈ ಸಲ ನೀನೇ ಓದಬಹುದಾದ ಭಾಷೆಯಲ್ಲಿ. ಅದರ ಪ್ರತಿ ಇದರ ಜೊತೆಗಿದೆ. ನೀನು ಬಂದರೂ ಬಾರದಿದ್ದರೂ ಅದನ್ನು ಎಲ್ಲರೆದುರು ಓದುತ್ತೇನೆ. ಆದರೆ ಬಾ. ಉಜ್ಜುವುದನ್ನು ಕಾಗದದಲ್ಲಿ ಬರೆದು ಕಲಿಸಲು ನನಗೆ ಬರುತ್ತಿಲ್ಲ. ಕಿಟಕಿಯ ಕೆಳಗಿನ ಜಾಗ ಖಾಲಿ ಮಾಡಿಸಿದ್ದಾರೆ.

ನೀನು ಏನು ಕೇಳುತ್ತೀಯ ಎಂದೂ ಗೊತ್ತು. "ಹುಳದ ಕಥೆ ಇರಲಿ, ಮೊಳಕೆ ಬಂತಾ?" ನಿನ್ನ ಜಾಡಿಯ ನೂರು ಕಾಳನ್ನು ನಿನ್ನೆ ಒದ್ದೆ ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ಎಣಿಸುವುದು ಒಂಬತ್ತನೇ ತಾರೀಕು. ಎಣಿಸಿ, ಚೆನ್ನಾಗಿ ಬಂದಿದ್ದರೆ ಪತ್ರ ಹಾಕೋಣ ಎಂದುಕೊಂಡಿದ್ದೆ. ಆಮೇಲೆ ನನ್ನನ್ನೇ ಕೇಳಿಕೊಂಡೆ: ಮೊಳಕೆ ಬಾರದಿದ್ದರೆ ನಾನು ಡಬ್ಬ ಉರುಳಿಸಿದ್ದು ಇಲ್ಲವಾಗುತ್ತದೆಯೇ?

ನಿನ್ನ ಅಂಗೈಗೆ ಯಾವತ್ತೂ ನೋವು ಬಾರದಿರಲಿ.

ನಿನ್ನ,
ಟಸ್‌ಪುಸ್ ರಾಣಿ

ಅಂಚೆಗೆ ಹಾಕುವುದು: ಎಂಟನೇ ತಾರೀಕು, ಬೆಳಿಗ್ಗೆ.