ಗುಡುಗಿನ ಸಂತನ ದಿನ ಹಾಕಿದ ಬೆಲ್ಟ್

ಮಂಗಳವಾರ, ಆಗಸ್ಟ್ 1. ಮಧ್ಯಾಹ್ನ

ಅತ್ತೆಯನ್ನು ಡಯಾಲಿಸಿಸ್ ಮುಗಿಸಿ ಕರೆತಂದೆ. ಮುಖದಲ್ಲಿ ರಕ್ತವೇ ಇಲ್ಲ. ಎರಡು ಚಮಚ ಸೂಪು ಕುಡಿದು ಮಲಗಿದರು. ಇನ್ನು ಗುರುವಾರ, ಬೆಳಗ್ಗೆ ಆರಕ್ಕೆ ಹೊರಡಬೇಕು. ಬೆಟ್ಟದ ರಸ್ತೆ ಕುಸಿದಾಗಿನಿಂದ ಆಸ್ಪತ್ರೆಯ ವ್ಯಾನು ಮೇಲೆ ಹತ್ತುವುದಿಲ್ಲ. ನಮ್ಮ ಹಳೆಯ ಡೀಸೆಲ್ ಕಾರು ಹೇಗೋ ಅಂಚಿನಲ್ಲಿ ನುಸುಳುತ್ತದೆ. ಅದೇ ನಮ್ಮ ಆಂಬುಲೆನ್ಸು.

ಆ ಕಾರಿನ ಹೊಟ್ಟೆಯನ್ನು ಈಗ ಅಂಗಳದಲ್ಲಿ ಬಗೆಯುತ್ತಿದ್ದಾರೆ. ನನ್ನ ಗಂಡ ತಿಹೊಮಿರ್ ಮತ್ತು ಅವನ ಕೂಮ ಸ್ಪಾಸೊಯೆ. ಟೈಮಿಂಗ್ ಬೆಲ್ಟ್ ಬದಲಾಯಿಸಬೇಕಂತೆ. ಬದಲಾಯಿಸಬೇಕು, ನಿಜ. ಓಡುವಾಗ ತುಂಡಾದರೆ ಇಂಜಿನ್ ತನ್ನನ್ನು ತಾನೇ ಜಜ್ಜಿಕೊಳ್ಳುತ್ತದೆ. ಅದಕ್ಕೇ ಮುಂದಿನ ವಾರ ಪೇಟೆಯ ವರ್ಕ್‌ಶಾಪಿಗೆ ಬಿಡೋಣ ಎಂದಿದ್ದೆ.

"ವರ್ಕ್‌ಶಾಪಾ? ಕೂಮ ಏನಂದ್ಕೋತಾನೆ?" ಎಂದ ತಿಹೊಮಿರ್.

"ಏನಾದ್ರೂ ಅಂದ್ಕೊಳ್ಳಲಿ."

"ನಮ್ಮ ಮದುವೇಲಿ ಕಿರೀಟದ ಹಿಂದೆ ನಿಂತವನು ಅವನು. ರಕ್ತಸಂಬಂಧಕ್ಕಿಂತ ಹೆಚ್ಚು."

ಮದುವೆಗೆ ಸಾಕ್ಷಿ ನಿಂತವನಿಗೆ ಇಂಜಿನ್ ಬಿಚ್ಚುವ ಹಕ್ಕೂ ಬರುತ್ತದೆ ಎಂದು ಆವತ್ತು ಪಾದ್ರಿ ಹೇಳಿರಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ. ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ?

"ಎರಡು ಗಂಟೆ ಕೆಲಸ ಲ್ಯುಬಿಂಕಾ, ನೀನು ಕಾಫಿ ಇಡು" ಎಂದ ಸ್ಪಾಸೊಯೆ. ಇಟ್ಟೆ. ಜೊತೆಗೆ ಹಣ್ಣಿನ ಸಾರಾಯಿ ರಾಕಿಯಾದ ಬಾಟಲಿಯೂ ಹೊರಗೆ ಹೋಯಿತು. ನಾನು ಕೊಟ್ಟದ್ದಲ್ಲ.

ಸಂಜೆ

ಪೆನ್ನಿನ ಮೊನೆಗೆ ಕಾಗದ ಹರಿಯಿತು. ಸಿಟ್ಟಿಗೆ.

ಸ್ಪಾಸೊಯೆ ಮಾರ್ಕರ್ ಪೆನ್ನಿನಿಂದ ಬೆಲ್ಟ್ ಕೂರುವ ಹಲ್ಲುಗಾಲಿಗಳ ಮೇಲೆಲ್ಲ ಚೆನ್ನಾಗಿ ಗೆರೆ ಎಳೆದಿದ್ದ. ಮೇಲಿನ ಗಾಲಿ ಹೀಗೆ, ಕೆಳಗಿನದು ಹೀಗೆ, ಹೊಸ ಬೆಲ್ಟ್ ಈ ಹಲ್ಲಿಗೆ. ಹಳೆಯ ಬೆಲ್ಟ್ ತೆಗೆದ. ಅಲ್ಲಿಯವರೆಗೂ ಸರಿ. ಆಮೇಲೆ ನನ್ನ ಗಂಡನಿಗೆ ಸ್ವಚ್ಛತೆಯ ಹುಚ್ಚು ಹತ್ತಿತು. ಗಾಲಿಗೆ ಎಣ್ಣೆ ಮೆತ್ತಿದೆ ಎಂದು ಒರೆಸಿದ. ಯಾವುದರಲ್ಲಿ? ರಾಕಿಯಾದಲ್ಲಿ. ಈ ಊರಿನಲ್ಲಿ ಗಾಯಕ್ಕೂ ಅದೇ, ಕಿಟಕಿ ಗಾಜಿಗೂ ಅದೇ, ಜ್ವರ ಬಂದ ಮಗುವಿನ ಅಂಗಾಲಿಗೂ ಅದೇ. ಗೆರೆಗಳೆಲ್ಲ ಬಟ್ಟೆಗೆ ಬಂದವು. ಗಾಲಿಗಳೂ ತಿರುಗಿಹೋದವು, ಬೆಲ್ಟ್ ಎಲ್ಲಿಗೆ ಕೂರಬೇಕೆಂಬ ಗುರುತೇ ಉಳಿಯಲಿಲ್ಲ.

ಇಬ್ಬರೂ ಬಟ್ಟೆಯನ್ನು ನೋಡುತ್ತಾ ನಿಂತರು. ಆಮೇಲೆ ಸ್ಪಾಸೊಯೆ ಕೈ ತೊಳೆದುಕೊಂಡ.

"ನಾಳೆ ನಮ್ಮ ಮನೆದೇವರ ಹಬ್ಬ. ಕುರಿ ಕೊಯ್ಯಬೇಕು, ನೆಂಟರು ಬಂದಾಗಿದೆ. ಗುರುವಾರ ಬಂದು ನೋಡ್ತೀನಿ."

"ಗುರುವಾರ ಆರಕ್ಕೆ ಅಮ್ಮ ಆಸ್ಪತ್ರೆಗೆ ಹೊರಡಬೇಕು, ಕೂಮ!" ಎಂದೆ.

"ಯಾರಾದ್ರೂ ಬಿಡ್ತಾರೆ ಬಿಡು."

ಯಾರಾದರೂ! ಸಂತ ಇಲಿಯಾನ ಹಬ್ಬದ ಮರುದಿನ, ಬೆಳಗ್ಗೆ ಆರಕ್ಕೆ, ಈ ಊರಿನಲ್ಲಿ ನೆಟ್ಟಗೆ ನಿಲ್ಲಬಲ್ಲ ಒಬ್ಬ ಗಂಡಸನ್ನು ತೋರಿಸಲಿ. ಪೇಟೆಯ ಟ್ಯಾಕ್ಸಿಗಳಿಗೆ ಫೋನ್ ಮಾಡಿದೆ. ಬೆಟ್ಟದ ಹೆಸರು ಕೇಳಿದೊಡನೆ ಇಡುತ್ತಾರೆ. ಒಂದು ಸರದಿ ತಪ್ಪಿದರೆ ಏನಾಗುತ್ತದೆಂದು ಚಳಿಗಾಲದಲ್ಲಿ ನೋಡಿದ್ದೇನೆ. ಅತ್ತೆಯ ಶ್ವಾಸಕೋಶದಲ್ಲಿ ನೀರು. ಕೂತಲ್ಲೇ ಮುಳುಗುವವರ ಹಾಗೆ ಉಸಿರಾಡುತ್ತಿದ್ದರು.

ಬುಧವಾರ, ಆಗಸ್ಟ್ 2

ಗಂಡ ಬಿಳಿ ಅಂಗಿ ಹಾಕಿಕೊಂಡು ಕೂಮನ ಮನೆಗೆ ಹೋದ. ತಲೆನೋವು ಎಂದೆ. ನಂಬಿದ. ನಂಬುವುದೇ ಅವನಿಗೆ ಅನುಕೂಲ.

ಹಳೇ ಕೋಟು ಹಾಕಿಕೊಂಡು ಅಂಗಳಕ್ಕೆ ಇಳಿದೆ. ಫೋನಿನಲ್ಲಿ ಯಾರೋ ಪೋಲಿಷ್ ಮುದುಕ ಬೆಲ್ಟ್ ಹಾಕುವ ವಿಡಿಯೋ. ಅವನ ಮಾತು ಅರ್ಧ ಅರ್ಥವಾಯಿತು, ಕೈ ಪೂರ್ತಿ ಅರ್ಥವಾಯಿತು. ಗಾರ್ಮೆಂಟ್ಸ್ ಮುಚ್ಚುವವರೆಗೂ ಹನ್ನೊಂದು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವಳು ನಾನು. ಸೂಜಿ ಇಳಿಯುವ ಹೊತ್ತಿಗೆ ಕೆಳಗಿನ ಕೊಕ್ಕೆ ಬರಬೇಕು. ಬರದಿದ್ದರೆ ಸೂಜಿ ಮುರಿಯುತ್ತದೆ. ಇಲ್ಲಿಯೂ ಅಷ್ಟೇ, ಮುರಿಯುವುದು ದೊಡ್ಡದು.

ಸ್ಪ್ಯಾನರಿನ ಸದ್ದಿಗೆ ಅತ್ತೆ ಬಾಗಿಲಿಗೆ ಬಂದರು.

"ಲ್ಯುಬಿಂಕಾ! ಇವತ್ತು ಕ್ಯಾಲೆಂಡರಲ್ಲಿ ಕೆಂಪಕ್ಷರ. ಗುಡುಗಿನ ಸಂತ ಇಲಿಯಾನ ದಿನ. ಸೂಜಿ ಕೂಡ ಮುಟ್ಟಬಾರದು."

"ಸೂಜಿ ಮುಟ್ಟಿಲ್ಲಮ್ಮ. ಸ್ಪ್ಯಾನರ್."

"ನಗಾಡ್ತೀಯಾ? ನನ್ನ ಮೈದುನ ಇದೇ ದಿನ ಹುಲ್ಲು ಒಟ್ಟಿದ. ಸಿಡಿಲು ನೇರ ಬಣವೆಗೇ ಬಿತ್ತು."

"ಬಣವೆ ಹೋದ್ರೆ ಇನ್ನೊಂದು ಒಟ್ಬಹುದು. ನೀವು ಹೋದ್ರೆ?"

"ಆ ಗಾಡೀಲಿ ನಾನು ಕೂರಲ್ಲ. ಹೇಳಿದ್ದೀನಿ."

"ಗೋಣೀಲಿ ಕಟ್ಟಿ ಕೂರಿಸ್ತೀನಿ!"

ಬಾಗಿಲು ಬಡಿದುಕೊಂಡು ಒಳಗೆ ಹೋದರು. ಅವರ ಪಾದ ಆಗಲೇ ಊದಿತ್ತು. ಚಪ್ಪಲಿ ಹಿಮ್ಮಡಿಗೆ ಹತ್ತಿರಲಿಲ್ಲ.

ಗೊಳೋ ಎಂದು ಅತ್ತುಬಿಟ್ಟೆ. ದೇವರಿಗೂ ಬೈದೆ, ಗಂಡನಿಗೂ ಬೈದೆ. ಬೈಯುತ್ತಲೇ ಹುಡುಕಿದೆ. ಮೇಲಿನ ಗಾಲಿಯಲ್ಲಿ ಒಂದು ತೂತು, ಅದರ ಹಿಂದೆ ಇಂಜಿನ್ನಿನಲ್ಲಿ ಇನ್ನೊಂದು. ಎರಡೂ ಒಂದೇ ನೇರಕ್ಕೆ ಬಂದಾಗ ಡ್ರಿಲ್ಲಿನ ಉಕ್ಕಿನ ಕಡ್ಡಿ, ಡ್ರಿಲ್ ಬಿಟ್, ತೂರಿಸಿ ಗಾಲಿ ಅಲುಗದ ಹಾಗೆ ನಿಲ್ಲಿಸಬೇಕು. ಕೆಳಗೂ ಹಾಗೇ ಒಂದು ತೂತು, ಕಾರಿನಡಿ ಮಲಗಿ ಬೆರಳಲ್ಲೇ ತಡವಬೇಕು. ಸಿಕ್ಕಿತು. ಬೆಲ್ಟ್ ಹಾಕಿದೆ, ಬಿಗಿದೆ, ಡ್ರಿಲ್ ಬಿಟ್‌ಗಳನ್ನು ತೆಗೆದೆ, ಇಂಜಿನ್ನನ್ನು ಕೈಯಲ್ಲೇ ತಿರುಗಿಸಿದೆ. ಮತ್ತೆ ಬಿಟ್ ತೂರಿಸಿದರೆ — ಹೋಗಲಿಲ್ಲ. ಒಂದು ಹಲ್ಲು ತಪ್ಪಿತ್ತು.

ಅಳು ಬಂತು. ಮೂಗು ಒರೆಸಿಕೊಂಡು ಎಲ್ಲ ಬಿಚ್ಚಿದೆ. ಕೂಮನ ಮನೆಯಿಂದ ಹಾಡು ಕೇಳಿಸುತ್ತಿತ್ತು. ನನ್ನ ಗಂಡನ ದನಿಯೇ ಎಲ್ಲರಿಗಿಂತ ಜೋರು.

ಎರಡನೇ ಸಲ ತಿರುಗಿಸಿದೆ. ಬಿಟ್ ಬೆಣ್ಣೆಯೊಳಗೆ ಹೋದ ಹಾಗೆ ಹೋಯಿತು. ಮೇಲೂ, ಕೆಳಗೂ. ಕೀಲಿ ತಿರುಗಿಸಿದೆ. ಹೊತ್ತಿಕೊಂಡಿತು. ಹೊಲಿಗೆ ಯಂತ್ರದ ಹಾಗೆ ಒಂದೇ ಲಯ. ಯಾರಿಗಾದರೂ ಹೇಳಬೇಕೆನಿಸಿತು. ಅಂಗಳದಲ್ಲಿ ನಾನೊಬ್ಬಳೇ ಇದ್ದೆ.

ಗುರುವಾರ, ಆಗಸ್ಟ್ 3. ಆಸ್ಪತ್ರೆಯ ಕಾರಿಡಾರ್

ಅತ್ತೆ ಒಳಗಿದ್ದಾರೆ, ಮೆಷಿನ್ನಿಗೆ ಹಾಕಿದ್ದಾರೆ. ಹೇಗೆ ಬಂದರು ಎಂಬುದನ್ನು ಬರೆಯದಿದ್ದರೆ ಎದೆ ಒಡೆಯುತ್ತದೆ.

ಆರಕ್ಕೆ ಕಾರು ಸ್ಟಾರ್ಟ್ ಮಾಡಿ ನಿಲ್ಲಿಸಿದ್ದೆ. ಅತ್ತೆ ಕಪ್ಪು ತಲೆವಸ್ತ್ರ ಕಟ್ಟಿ, ಚೀಲ ಮಡಿಲಲ್ಲಿಟ್ಟುಕೊಂಡು, ಅಂಗಳದ ಬೆಂಚಿನ ಮೇಲೆ ಕೂತರು. ಏಳಲಿಲ್ಲ. ಬೇಡಿಕೊಂಡೆ. ಕೂಗಾಡಿದೆ. ಉಸಿರು ಎಳೆಯುತ್ತಿದ್ದರು, ಆದರೂ ಏಳಲಿಲ್ಲ. ತಿಹೊಮಿರ್ ಬಾಗಿಲ ಚೌಕಟ್ಟು ಹಿಡಿದುಕೊಂಡು "ಅಮ್ಮಾ, ಹಟ ಬೇಡ" ಎಂದ. ಅಷ್ಟೇ ಅವನಿಂದ ಆದದ್ದು.

ಅಷ್ಟರಲ್ಲಿ ಸ್ಪಾಸೊಯೆ ಬಂದ. ಬಾತುಕೊಂಡ ಮುಖ, ಕೈಯಲ್ಲಿ ಹಬ್ಬದ ರೊಟ್ಟಿ. ಕಾರನ್ನು ನೋಡಿದ. ಕಿವಿಯೊಡ್ಡಿ ಕೇಳಿದ.

"ಅರೆ! ಇದ್ಯಾರು ಮಾಡಿದ್ದು?"

ಬಾಯಿ ತೆರೆದೆ. ಅತ್ತೆ ನನಗಿಂತ ಮುಂಚೆ ಹೇಳಿಬಿಟ್ಟರು.

"ನೀನೇ ಅಲ್ವೇನೋ? ಮಂಗಳವಾರ ಹೊತ್ತು ಮುಳುಗೋ ಮುಂಚೆ ಮುಗಿಸಿ ಹೋದೆ. ನೆನಪಿಲ್ದಷ್ಟು ಕುಡಿದಿದ್ಯಾ?"

ಸ್ಪಾಸೊಯೆ ತಲೆ ಕೆರೆದ. ಕಾರು ನೋಡಿದ. ಎದೆ ನಿಧಾನವಾಗಿ ಉಬ್ಬಿತು.

"ಹೌದಲ್ವಾ... ನೋಡಿ, ತಲೆ ಮರೆತ್ರೂ ಕೈ ಮರೆಯಲ್ಲ!"

ನನ್ನ ಗಂಡ ಅವನ ಬೆನ್ನು ತಟ್ಟಿದ. ಬೆನ್ನು ತಟ್ಟಿದ! ನನ್ನ ಉಗುರಿನ ಕಪ್ಪು ಅವನಿಗೆ ಕಾಣಲಿಲ್ಲ. ಹಬ್ಬಕ್ಕೆ ಮುಂಚೆಯೇ ಆದ ಕೆಲಸ ಎಂದಾಯಿತಲ್ಲ, ಅತ್ತೆ ಶಿಲುಬೆಯ ಗುರುತು ಮಾಡಿಕೊಂಡು ಎದ್ದು ಬಂದು ಕಾರಿನಲ್ಲಿ ಕೂತರು.

ತಿರುವಿನ ಮೇಲೆ ತಿರುವು. ಕಣ್ಣನ್ನು ರಸ್ತೆಯ ಮೇಲೇ ಇಟ್ಟಿದ್ದೆ. ಮಾತಾಡಿದ್ದರೆ ರಸ್ತೆಯಿಂದ ಆಚೆ ಹೋಗುತ್ತಿದ್ದೆವು. ಸೇತುವೆ ದಾಟಿದ ಮೇಲೆ ಅವರೇ ಶುರು ಮಾಡಿದರು.

"ಹೆಸರು ಅವನಿಗೆ ಹೋಯ್ತು ಅಂತ ಉರೀಬೇಡ."

"ಉರೀದೆ ಏನ್ ಮಾಡ್ಲಿ?"

"ಮೇಲಿರೋನು ವಿಚಾರಿಸಿದ್ರೆ ಊರೆಲ್ಲ ಸ್ಪಾಸೊಯೆ ಅಂತಲೇ ಹೇಳತ್ತೆ. ಸಿಡಿಲು ಬಿದ್ರೂ ಅವನ ಕೊಟ್ಟಿಗೆಗೇ ಬೀಳತ್ತೆ. ನಿನ್ನ ತಲೆಗಲ್ಲ."

ನಗು ಬಂತು. ಸಿಟ್ಟು ಮಾತ್ರ ಹೋಗಲಿಲ್ಲ. ಈ ಮುದುಕಿಯನ್ನು ನಾಲ್ಕು ಬೈದು, ಅಪ್ಪಿಕೊಳ್ಳಬೇಕೆನಿಸಿತು. ಎರಡೂ ಮಾಡಲಿಲ್ಲ, ಗೇರು ಹಾಕಿದೆ.

ಮಂಗಳವಾರ, ಆಗಸ್ಟ್ 8

ಊರಿಡೀ ಅದೇ ಸುದ್ದಿ. ಗೆರೆ ಅಳಿಸಿಹೋದರೂ, ಕತ್ತಲಾಗುವ ಮುಂಚೆ, ಬರೀ ಕಣ್ಣಂದಾಜಿನಲ್ಲಿ ಸ್ಪಾಸೊಯೆ ಬೆಲ್ಟ್ ಹಾಕಿದನಂತೆ. ಅಂಗಡಿ ಮುಂದೆ ಕೈ ಆಡಿಸಿ ಆಡಿಸಿ ತೋರಿಸುತ್ತಾನೆ. ನಾನು ಬ್ರೆಡ್ಡು ತೆಗೆದುಕೊಂಡು ಬರುವಷ್ಟರಲ್ಲಿ ಎರಡು ಸಲ ತೋರಿಸಿದ. ಹಲ್ಲು ಕಚ್ಚಿಕೊಂಡು ಬಂದೆ. ಅತ್ತೆಗಾಗಿ.

ಈಗ ಪೋಸ್ಟ್‌ಮನ್ನನ ಕಾರನ್ನೂ ರಿಪೇರಿಗೆ ಒಪ್ಪಿಕೊಂಡಿದ್ದಾನೆ.

ಸಂಜೆ

ಸ್ಪಾಸೊಯೆ ಈಗಷ್ಟೇ ಬಂದಿದ್ದಾನೆ. ಒಳಗೆ ಕೂರಲಿಲ್ಲ. ನಾನು ಬಟ್ಟೆ ಒಣಗಿಸುವಲ್ಲಿಗೆ ಬಂದು, ಹಾಸಿಗೆ ಬಟ್ಟೆಯ ಮರೆಯಲ್ಲಿ ನಿಂತು ಪಿಸುಗುಟ್ಟಿದ.

"ಲ್ಯುಬಿಂಕಾ... ಆ ಪೋಸ್ಟ್‌ಮನ್ನನ ಇಂಜಿನ್ ಬಿಚ್ಚಿದ್ದೀನಿ. ಅವತ್ತು ಕಾರಿನ ಪಕ್ಕ ಬಿದ್ದಿತ್ತಲ್ಲ, ಆ ಡ್ರಿಲ್ ಬಿಟ್ಟು... ಎಲ್ಲಿ ತೂರಿಸಿದ್ದೆ ನೀನು?"

ಅಂದರೆ ಗೊತ್ತಿತ್ತು! ಮೊದಲ ದಿನದಿಂದ ಗೊತ್ತಿತ್ತು!

ಅಂಗಳದಲ್ಲಿ ಪೋಸ್ಟ್‌ಮನ್ ಕಾಯುತ್ತಿದ್ದಾನೆ, ನನ್ನ ಗಂಡ ಅವನಿಗೆ ರಾಕಿಯಾ ಸುರಿಯುತ್ತಿದ್ದಾನೆ. ಕಿಟಕಿಯಲ್ಲಿ ಅತ್ತೆ.

"ಜೋರಾಗಿ ಕೇಳು ಕೂಮ" ಎಂದೆ. "ಅಲ್ಲಿರೋರಿಗೆ ಕೇಳಿಸೋ ಹಾಗೆ."

"ಅಯ್ಯೋ, ಯಾಕೆ ಸುಮ್ನೆ..."

"ಕೇಳಿದ್ರೆ ಹೇಳ್ತೀನಿ. ಇಲ್ಲಾಂದ್ರೆ ಇಲ್ಲ" ಎಂದು ಹೇಳಿ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಇನ್ನೂ ಅಲ್ಲೇ ನಿಂತಿದ್ದಾನೆ. ಕಿಟಕಿಯಿಂದ ಕಾಣುತ್ತಾನೆ. ಟೋಪಿ ತೆಗೆದ. ಪೋಸ್ಟ್‌ಮನ್ನನ ಕಡೆ ನೋಡಿದ. ಗಂಟಲು ಸರಿಮಾಡಿಕೊಂಡ, ಈಗ ಬಾಯಿ —