ಹೆಸರಿಲ್ಲದ ಗಾಳಿಗೆ ಬಾಗಿಲು ತೆಗೆಯದವರಿಗೆ

ಗಾಳಿಯ ದರ್ಜೆ ನೋಡಿ ಬಾಗಿಲು ತೆಗೆಯುವ ಮಾನ್ಯ ಅಧಿಕಾರಿಗಳೇ,

ಮೊದಲು ನೀವು ಕೊಟ್ಟ ಮಾತುಗಳನ್ನೂ ಅವುಗಳಿಗೆ ಆದ ಗತಿಯನ್ನೂ ಹೇಳಿಬಿಡುತ್ತೇನೆ. ಶಿರಾಲಿಯಿಂದ ಪಡುವಣಕ್ಕೆ, ಸಮುದ್ರದ ದಂಡೆಯಲ್ಲಿರುವ ನಮ್ಮ ಸಣ್ಣಬೇಲೆಗೆ ಚಂಡಮಾರುತ ಆಶ್ರಯ ಕೇಂದ್ರ ಕಟ್ಟಿಸಿಕೊಡುತ್ತೇವೆ ಎಂದಿರಿ. ಕಟ್ಟಿಸಿದಿರಿ. ಅದರ ಚಾವಿ ಕೇರಿಯಲ್ಲೇ ಒಬ್ಬರ ಮನೆಯಲ್ಲಿರುತ್ತದೆ ಎಂದಿರಿ. ಅದು ನಿಮ್ಮ ಮೇಜಿನ ಡ್ರಾವರಿನಲ್ಲಿದೆ. ಗಾಳಿ ಬರುವ ಮೊದಲು ಅಚ್ಚ ಕನ್ನಡದಲ್ಲಿ ಎಚ್ಚರಿಸುತ್ತೇವೆ ಎಂದಿರಿ. ಎಚ್ಚರಿಸಿದಿರಿ, ಯಾರಿಗೂ ಎಚ್ಚರವಾಗಲಿಲ್ಲ. ಗಾಳಿ ಬಂದಾಗ ಬಾಗಿಲು ತೆರೆದಿರುತ್ತದೆ ಎಂದಿರಿ. ಗಾಳಿ ಬಂತು. ಬಾಗಿಲಿಗೆ ಬೀಗವಿತ್ತು. ಚಾವಿ ಕೇಳಿದೆವು, ಕೊಡಲಿಲ್ಲ. ಮಳೆಗಾಲವಿಡೀ ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿ ಇಳಿದೆವು. ಹೋದಾಗಲೆಲ್ಲ ಒಂದೇ ಉತ್ತರ: ನಿಮ್ಮ ಮೇಲೆ ಬಂದದ್ದು ಚಂಡಮಾರುತವೇ ಅಲ್ಲ.

ಹಾಗಾದರೆ ಅದೇನು, ಸ್ವಾಮಿ? ನಮ್ಮ ದೊಡ್ಡಮ್ಮ ಮಂಜಿಯ ಮನೆಯ ಹಂಚುಗಳನ್ನು ಒಂದೊಂದಾಗಿ ಎತ್ತಿ ಪಕ್ಕದ ಗದ್ದೆಯಲ್ಲಿ ಹರಡಿದ್ದು ಯಾರು? ನೀವು ಕೊಟ್ಟ ಉತ್ತರ ನನಗೆ ಬಾಯಿಪಾಠವಾಗಿದೆ: ತೀವ್ರ ವಾಯುಭಾರ ಕುಸಿತ.

ಈ ‘ಕುಸಿತ’ ಎಂಬ ಪದದಿಂದಲೇ ನಮ್ಮ ಕತೆ ಶುರುವಾಗುವುದು. ಮೇ ತಿಂಗಳ ಕೊನೆಯ ವಾರ. ಮಳೆಗಾಲಕ್ಕೆಂದು ಕೇರಿಯ ಹೆಂಗಸರೆಲ್ಲ ದಂಡೆಯ ಮೇಲೆ ಮೀನು ಒಣಹಾಕುವ ಹೊತ್ತು. ಗಾಳಿ ಆಗಲೇ ಸ್ವಲ್ಪ ಜೋರಿತ್ತು. ದೋಣಿಗೆ ಹೋಗುವ ಮಾದೇವನ ಮೊಬೈಲಿಗೆ ನಿಮ್ಮ ಸಂದೇಶ ಬಂತು. ಅವನು ಎಲ್ಲರಿಗೂ ಕೇಳುವ ಹಾಗೆ ಓದಿದ: “ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ.”

“ಎಂತ ಕುಸೀತಂತಾ?” ದೊಡ್ಡಮ್ಮ ಕೇಳಿದಳು.

“ಗಾಳಿ, ದೊಡ್ಡಮ್ಮ. ಗಾಳಿ ಭಾರ ಕುಸೀತಂತೆ.”

“ಒಳ್ಳೇದೇ ಆತು ಬಿಡು. ನಿನ್ನೆಯಿಂದ ಮೀನು ಹರಡೂಕೆ ಬಿಡ್ಲಿಲ್ಲ ಇದು.”

ಮರುದಿನ ಬೆಳಿಗ್ಗೆ ಇನ್ನೊಂದು ಸಂದೇಶ ಬಂತು. ಈಗ ‘ತೀವ್ರ ವಾಯುಭಾರ ಕುಸಿತ’. ಮಾದೇವ ಓದಿ ಮುಗಿಸುವುದರೊಳಗೆ ಪಕ್ಕದ ಮನೆಯ ಗಂಗಿ ಬುಟ್ಟಿ ಹೊತ್ತು ಹೊರಟಾಗಿತ್ತು. “ತೀವ್ರ ಕುಸೀತು ಅಂದ್ರೆ ಪೂರಾ ಮಲಗ್ತು ಅಂತ ಅರ್ಥ. ಬನ್ನಿ ಬನ್ನಿ, ಉಳ್ದ ಮೀನೂ ಹರಡುವಾ.”

ನಗಬೇಡಿ ಸ್ವಾಮಿ. ತಪ್ಪು ಗಂಗಿಯದಲ್ಲ. ನಾವು ಹುಟ್ಟಿದಾಗಿನಿಂದ ಮಾತಾಡುವ ಕನ್ನಡದಲ್ಲಿ ಗೋಡೆ ಕುಸಿದರೆ ಗೋಡೆ ನೆಲಕ್ಕೆ. ಗುಡ್ಡ ಕುಸಿದರೆ ಗುಡ್ಡ ಕೆಳಗೆ. ಬಂಗಡೆಯ ದರ ಕುಸಿದರೆ ನಾವು ಕೆಳಗೆ. ಕುಸಿದದ್ದು ಎದ್ದು ಬಂದು ಮಾಡಿನ ಹಂಚು ಕಿತ್ತುಕೊಂಡು ಹೋಗುವುದು ನಿಮ್ಮ ಕನ್ನಡದಲ್ಲಿ ಮಾತ್ರ. ಒತ್ತಡ ಕಡಿಮೆಯಾದ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗಿ ಬರುತ್ತದೆ, ಕುಸಿತ ಹೆಚ್ಚಿದಷ್ಟೂ ಅಪಾಯ ಹೆಚ್ಚು ಎಂದು ನಿಮ್ಮ ಗುಮಾಸ್ತರು ಆಮೇಲೆ ನನಗೆ ವಿವರಿಸಿದರು. ಎಷ್ಟು ಚೆನ್ನಾಗಿ ವಿವರಿಸಿದರೆಂದರೆ, ಇದೇ ಮಾತನ್ನು ಎರಡು ದಿನ ಮೊದಲು ಹೇಳಿದ್ದರೆ ಕೇರಿಯ ನಾಯಿಯೂ ದಂಡೆಯ ಕಡೆ ಹೋಗುತ್ತಿರಲಿಲ್ಲ. “ಗಾಳಿ ಬರುತ್ತದೆ, ಒಳಗೆ ಬನ್ನಿ” ಎಂದು ಬರೆಯಲು ನಿಮಗೆ ಯಾವ ಮೇಲಧಿಕಾರಿಯ ಅಪ್ಪಣೆ ಬೇಕಿತ್ತು?

ಸರಿ, ಗಾಳಿ ಬಂತು. ಎರಡನೆಯ ಸಂದೇಶದ ಮರುದಿನ ಮಟಮಟ ಮಧ್ಯಾಹ್ನ ಸಮುದ್ರದ ಕಡೆಯಿಂದ ಕತ್ತಲೆ ಏರಿ ಬಂತು. ಹರಡಿದ ಮೀನು ಹಾರಿತು, ಮೀನು ಹರಡಿದ್ದ ಚಾಪೆ ಹಾರಿತು, ಗಂಗಿಯ ಬಚ್ಚಲಿನ ತಗಡು ಹಾರಿತು. ಕೇರಿಗೆ ಕೇರಿಯೇ ನಿಮ್ಮ ಆಶ್ರಯ ಕೇಂದ್ರಕ್ಕೆ ಓಡಿತು. ಗಟ್ಟಿಮುಟ್ಟು ಕಟ್ಟಡ, ಹೊಗಳದೆ ವಿಧಿಯಿಲ್ಲ. ಅದರ ಕಬ್ಬಿಣದ ಬಾಗಿಲು ಇನ್ನೂ ಗಟ್ಟಿ. ಬೀಗವಂತೂ ಎಲ್ಲಕ್ಕಿಂತ ಗಟ್ಟಿ. ಒಡೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದರ ಜಗುಲಿಯಲ್ಲಿ ಒಮ್ಮೆ ಬಲೆ ಒಣಹಾಕಿದ್ದಕ್ಕೇ ಮಾದೇವನ ಮೇಲೆ ಪೊಲೀಸ್ ಕೇಸು ಹಾಕುತ್ತೇವೆಂದು ಹೆದರಿಸಿದವರು ನೀವು. ಬೀಗ ಒಡೆದಿದ್ದರೆ ಬಿಡುತ್ತಿದ್ದಿರಾ? ಅದಕ್ಕೇ, ಮಕ್ಕಳನ್ನು ನಡುವೆ ನಿಲ್ಲಿಸಿಕೊಂಡು, ಹೊಡೆಯುವ ಮಳೆಗೆ ಬೆನ್ನು ಕೊಟ್ಟು, ಆಶ್ರಯ ಕೇಂದ್ರದ ಮೆಟ್ಟಿಲ ಮೇಲೆ ಆಶ್ರಯ ಬೇಡುತ್ತ ನಿಂತೆವು.

ಮಾದೇವ ನಿಮ್ಮ ಕಚೇರಿಗೆ ಫೋನು ಹಚ್ಚಿದ. ಅವನು ತಡವರಿಸುವುದನ್ನು ನೋಡಲಾರದೆ ಗಂಗಿ ಫೋನು ಕಿತ್ತುಕೊಂಡಳು. ನಿಮ್ಮ ಗುಮಾಸ್ತರ ದನಿ ನಮಗೆಲ್ಲ ಕೇಳುತ್ತಿತ್ತು. ನಡೆದ ಮಾತು ಹೀಗಿದೆ:

“ಯಾವ ಚಂಡಮಾರುತದ ಸಲುವಾಗಿ ಚಾವಿ ಬೇಕು?”

“ಯಾವ್ದು ಅಂದ್ರೆ? ಈಗ ಬೀಸ್ತಾ ಇದ್ಯಲ್ಲ ಸಾಯೇಬ್ರೆ, ಇದೇ.”

“ಅದರ ಹೆಸರು ಏನು?”

“ನಾ ಕೇಳ್ಲಿಲ್ಲ. ಅದೂ ಹೇಳ್ಲಿಲ್ಲ.”

“ನೋಡಮ್ಮ, ಹೆಸರಿಲ್ಲ ಅಂದರೆ ಅದು ಚಂಡಮಾರುತ ಅಲ್ಲ, ಕುಸಿತ. ಚಾವಿ ಕೊಡುವಾಗ ಚಂಡಮಾರುತದ ಹೆಸರು ಬರೆದುಕೊಳ್ಳಬೇಕು. ಕುಸಿತಕ್ಕೆ ಕೇಂದ್ರ ತೆರೆಯಲು ಬರುವುದಿಲ್ಲ.”

“ಹಾಂಗಾರೆ ಮಂಜಕ್ಕನ ಮನಿ ಹಂಚು ಹಾರ್ಸಿದ್ದು ಎಂತದು?”

“ಅದು ಬರೀ ಗಾಳಿ.”

“ಬರೀ ಗಾಳಿಯಾ? ಹಾಂಗಾರೆ ಬರೀ ಚಾವಿ ಕೊಡಿ ಸಾಯೇಬ್ರೆ, ಹೆಸ್ರು ಬ್ಯಾಡ!”

ಫೋನು ಕಟ್ಟಾಯಿತು. ಗಾಳಿಯಿಂದಲೋ ಗುಮಾಸ್ತರಿಂದಲೋ ಹೇಳಲಾರೆ. ಅಷ್ಟರಲ್ಲಿ ನಮ್ಮ ತಲೆಯ ಮೇಲೆ ಕಿರ್ರೆಂದು ಸದ್ದಾಯಿತು. ಬಾಗಿಲ ಮೇಲೆ ಬೋಲ್ಟು ಹಾಕಿ ಕೂರಿಸಿದ್ದ ‘ಚಂಡಮಾರುತ ಆಶ್ರಯ ಕೇಂದ್ರ’ ಎಂಬ ಕಬ್ಬಿಣದ ಫಲಕ ಕಿತ್ತು ಬಂದು, ಕೆಳಗೆ ಕೂತಿದ್ದ ನಮ್ಮ ದೊಡ್ಡಮ್ಮನ ಬಲಗೈ ಮೇಲೆ ಬಿತ್ತು. ಕೈ ಮುರಿಯಿತು. ಆ ದಿನ ಸಣ್ಣಬೇಲೆಯಲ್ಲಿ ಗಾಯವಾದದ್ದು ಒಬ್ಬರಿಗೇ, ಗಾಯ ಮಾಡಿದ್ದೂ ಒಂದೇ. ಸಮುದ್ರವಲ್ಲ, ತೆಂಗಿನ ಮರವಲ್ಲ, ನಿಮ್ಮ ಆಶ್ರಯ. ನಿಮ್ಮ ಹಾನಿಯ ವರದಿಯಲ್ಲಿ ‘ಫಲಕ ಬಾಗಿದೆ’ ಎಂದಿದೆ. ಫಲಕ ಯಾರ ಕೈ ಮೇಲೆ ಬಿದ್ದು ಬಾಗಿತು ಎಂದಿಲ್ಲ.

ಒಂದು ಮಾತು ಸ್ಪಷ್ಟವಾಗಲಿ. ಹವಾಮಾನ ವಿಜ್ಞಾನದ ಮೇಲೆ ನಮಗೆ ಜಗಳವಿಲ್ಲ. ಗಾಳಿಯ ವೇಗ ಗಂಟೆಗೆ ಅರವತ್ತೆರಡು ಕಿಲೋಮೀಟರ್ ಮುಟ್ಟಿದರೆ ಚಂಡಮಾರುತ, ಅದಕ್ಕೆ ಒಂದು ಹೆಸರು. ಅದಕ್ಕಿಂತ ಕೆಳಗಿದ್ದರೆ ಕುಸಿತ, ಹೆಸರಿಲ್ಲ. ಅಳೆಯುವವರು ಅಳೆದರು, ವಿಂಗಡಿಸಿದರು, ಬರುತ್ತದೆ ಎಂದು ಎರಡು ದಿನ ಮೊದಲೇ ಹೇಳಿದರು. ಅವರಿಗೆ ಶರಣು. ನಮ್ಮ ಜಗಳ ಆ ದರ್ಜೆಯನ್ನು ತಂದು ಬಾಗಿಲಿಗೆ ಚಿಲಕ ಮಾಡಿದ ನಿಮ್ಮೊಡನೆ. ಅರವತ್ತೊಂದರ ವೇಗದಲ್ಲಿ ಬೀಳುವ ಹಂಚು ತಲೆ ಒಡೆಯುವುದಿಲ್ಲವೇ? ಗಾಳಿ ನಮ್ಮನ್ನು ಹೊಡೆಯುವ ಮೊದಲು ದರ್ಜೆ ಪತ್ರ ತೋರಿಸಬೇಕೇ? ಮನುಷ್ಯರಲ್ಲಿ ಮೇಲು ಕೀಳು ಮಾಡುವುದರ ವಿರುದ್ಧ ಅರ್ಧ ಆಯುಷ್ಯ ಬೀದಿಯಲ್ಲಿ ಘೋಷಣೆ ಕೂಗಿದವಳು ನಾನು. ಗಾಳಿಯಲ್ಲೂ ಕುಲೀನ ಗಾಳಿ, ಕುಲಗೆಟ್ಟ ಗಾಳಿ ಎಂದಿದೆ, ಬಡವರ ಮನೆಗೆ ಬರುವುದು ಎರಡನೆಯದೇ ಎಂದು ಕಲಿಸಿಕೊಡಲು ನೀವು ಬರಬೇಕಾಯಿತು.

ಆದರೆ ನಿಮ್ಮ ಕಚೇರಿಯ ನಿಜವಾದ ಪ್ರತಿಭೆ ಗೊತ್ತಾದದ್ದು ಆಮೇಲೆ. ಅದೇ ಗಾಳಿ ನಮ್ಮನ್ನು ಬಡಿದು, ಹೊನ್ನಾವರ, ಕುಮಟಾದ ದಂಡೆಗಳನ್ನು ಒರೆಸಿಕೊಂಡು, ಪಡುವಣದ ನಡುಗಡಲಿಗೆ ಹೋಯಿತು. ಅಲ್ಲಿ ನೀರು ಕುಡಿದು ಬಲಿಯಿತು, ಅರವತ್ತೆರಡು ದಾಟಿತು, ಹೆಸರು ಪಡೆಯಿತು. ನಮ್ಮ ನೆತ್ತಿಯ ಮೇಲಿದ್ದಾಗ ಕುಸಿತ, ಒಮಾನಿನ ದಾರಿ ಹಿಡಿದ ಮೇಲೆ ಚಂಡಮಾರುತ! ಹೆಸರು ಬಂತಲ್ಲ, ನಿಮ್ಮ ಡ್ರಾವರ್ ತೆರೆಯಿತು. ಬಾಗಿದ ಫಲಕ ಇನ್ನೂ ಮೆಟ್ಟಿಲ ಮೇಲೆ ಬಿದ್ದಿರುವಾಗಲೇ, ಸುಡುಬಿಸಿಲಿನಲ್ಲಿ, ಜೀಪು ಬಂತು. ಗುಮಾಸ್ತರು ಚಾವಿ ಹಿಡಿದು ಇಳಿದು ಬಾಗಿಲು ತೆಗೆದು ಕೂಗಿದರು: “ಎಲ್ಲರೂ ಒಳಗೆ ಬನ್ನಿ, ಚಂಡಮಾರುತ ಇದೆ!”

ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಅಳಿದುಳಿದ ಮೀನನ್ನು ಹೆಂಗಸರು ಆಗಷ್ಟೇ ಮತ್ತೆ ಹರಡಿದ್ದರು. ಹೊನ್ನಾವರದ ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಕೂತಿದ್ದ ದೊಡ್ಡಮ್ಮ ಕೇಳಿದಳು, “ಗಾಳಿ ಎಲ್ಲದೆ ಸಾಯೇಬ್ರೆ?”

“ಒಮಾನ್ ಕಡೆ ಹೋಗ್ತಾ ಇದೆ ಅಜ್ಜಿ.”

“ಹಾಂಗಾರೆ ಅಲ್ಲಿಯವ್ರನ್ನ ಒಳಗೆ ಕೂರ್ಸಿ. ನಮ್ದು ಆತು.”

ಆಗಲಿಲ್ಲ. ಕೂರಲೇಬೇಕಾಯಿತು. ನೀವು ಮೇಲಕ್ಕೆ ಫೋಟೊ ಕಳಿಸಬೇಕಿತ್ತಂತೆ. ಕರೆಂಟಿಲ್ಲದ ಕೋಣೆಯಲ್ಲಿ ಬೆವರು ಸುರಿಸುತ್ತ ಸಾಲಾಗಿ ಕೂತೆವು. ನಗಬೇಡಿ, ಸ್ವಲ್ಪ ಹೆದರಿದ ಹಾಗೆ ಮುಖ ಮಾಡಿ ಎಂದು ಗುಮಾಸ್ತರು ಬೇಡಿಕೊಂಡರು. “ಹೆದರೂಕೆ ಇಲ್ಲಿ ಎಂತ ಇದೆ? ನಿಮ್ ಮೋರೆಯಾ?” ಎಂದಳು ಗಂಗಿ. ಅದಕ್ಕೆ ಎಲ್ಲರೂ ನಕ್ಕು, ಫೋಟೊ ಮತ್ತೆ ತೆಗೆಯಬೇಕಾಯಿತು. ಸಂಜೆಯವರೆಗೆ ಯಾರನ್ನೂ ಹೊರಗೆ ಬಿಡಲಿಲ್ಲ. ಹೊರಗೆ ಒಳ್ಳೆಯ ಬಿಸಿಲು, ಕಾಯುವವರಿಲ್ಲದ ಮೀನು. ಗಾಳಿ ಬಿಟ್ಟುಹೋದದ್ದನ್ನು ಕಾಗೆ, ಗಿಡುಗ ಎಲ್ಲ ಸೇರಿ ಮುಗಿಸಿದವು. ಆಮೇಲೆ ನೀವು ಬಾಗಿಲಿಗೆ ಬೀಗ ಜಡಿದು ಚಾವಿ ಒಯ್ದಿರಿ. ಸಕಾಲದಲ್ಲಿ ರಕ್ಷಣೆ ಎಂದು ಆ ಫೋಟೊ ನಿಮ್ಮ ಕಚೇರಿಯ ಗೋಡೆಯ ಮೇಲೆ ಈಗಲೂ ಇದೆ. ಮುಂದಿನ ಸಾಲಿನಲ್ಲಿ ಪ್ಲಾಸ್ಟರ್ ಹಾಕಿದ ಕೈ ಕಾಣುತ್ತದಲ್ಲ, ಅದು ನಮ್ಮ ದೊಡ್ಡಮ್ಮನದು. ಚಂಡಮಾರುತದಿಂದ ನೀವು ರಕ್ಷಿಸಿದ ಕೈ.

ಇಷ್ಟು ಹಳೆಯ ಕತೆ ಈಗೇಕೆ ಎನ್ನುತ್ತೀರಿ. ಮಳೆಗಾಲ ಮುಗಿಯಿತು, ಅಕ್ಟೋಬರ್ ಬಂತು. ಕಡಲು ಮತ್ತೆ ಗಾಳಿ ಕಟ್ಟುವ ಕಾಲ. ಮೊನ್ನೆ ಮಾದೇವನ ಮೊಬೈಲು ಮತ್ತೆ ಗುಂಯ್‌ಗುಟ್ಟಿತು: ‘ವಾಯುಭಾರ ಕುಸಿತದ ಸಾಧ್ಯತೆ’. ಈ ಸಲ ಯಾರೂ ಮೀನು ಹರಡಲಿಲ್ಲ. ಎಲ್ಲರೂ ದೊಡ್ಡಮ್ಮನ ಮುಖ ನೋಡಿದರು. ಅವಳ ಕೈ ಸೊಟ್ಟಗೆ ಕೂಡಿದೆ, ಮೇಲೆ ಎತ್ತಲು ಬರುವುದಿಲ್ಲ. ಮನೆಯ ಮಾಡಿಗೆ ಅರ್ಧ ಹಂಚು, ಅರ್ಧ ತಾಡಪಾಲು. ಗಾಳಿ ಬಂದರೆ ತಾಡಪಾಲಿನ ತುದಿ ಹಿಡಿದುಕೊಳ್ಳುವಷ್ಟು ಶಕ್ತಿಯೂ ಆ ಕೈಯಲ್ಲಿಲ್ಲ. “ಈ ಸಲ ಎಲ್ಲಿ ಕೂರುದೇ, ಜಯಂತಿ?” ಎಂದು ನನ್ನನ್ನು ಕೇಳಿದಳು. ಚಾವಿ ಇರುವುದು ನಿಮ್ಮಲ್ಲಿ. ಅದಕ್ಕೆ ಅವಳ ಪ್ರಶ್ನೆಯನ್ನು ನಿಮಗೆ ರವಾನಿಸುತ್ತಿದ್ದೇನೆ. ಮುಂದಿನ ಕುಸಿತಕ್ಕೆ ಮಂಜಿ ಎಲ್ಲಿ ಕೂರಬೇಕು?

ನಿಮ್ಮ ಉತ್ತರಕ್ಕೆ ಕಾಯದೆ ಕೇರಿಯವರು ಆಶ್ರಯ ಕೇಂದ್ರದ ಹೊರಗಿನ ಮೆಟ್ಟಿಲ ಮೇಲೆ ಸಭೆ ಸೇರಿದೆವು. ಕಡಲ ಸುತ್ತಲಿನ ದೇಶಗಳು ಕೂತು ಚಂಡಮಾರುತಕ್ಕೆ ಇಡುವ ಹೆಸರುಗಳನ್ನು ಮೊದಲೇ ಗೊತ್ತುಮಾಡಿರುತ್ತವೆ ಎಂದು ನಾನು ತಿಳಿಸಿ ಹೇಳಿದೆ. ಮಾದೇವ ತಲೆ ಕೆರೆದುಕೊಂಡ. “ಗಾಳಿ ಹೊಡಿಯೂದು ನಮ್ಗೆ, ಹೆಸ್ರು ಇಡುದು ಅವ್ರಾ? ಹೆಸ್ರಿಲ್ಲ ಅನ್ನುದೇ ತಕರಾರಾದ್ರೆ ನಾವೇ ಇಟ್ರಾತು.” ತಕರಾರಿಲ್ಲದೆ ಒಪ್ಪಿಗೆಯಾಯಿತು. ಗಂಗಿ ಕೂಡಲೇ ಎದ್ದಳು. “ನಮ್ ಅತ್ತೆ ಹೆಸ್ರು ಇಡಿ. ಅದು ಬಂದಾಗ ಯಾವ ಬಾಗ್ಲೂ ಮುಚ್ಚಿ ಉಳೀಲಿಲ್ಲ.” ಅತ್ತೆಯ ಕಡೆಯವರು ಅಲ್ಲೇ ಕೂತಿದ್ದರಿಂದ ಅರ್ಧ ತಾಸು ಗಲಾಟೆಯಾಯಿತು. ಆಗ ದೊಡ್ಡಮ್ಮ ತನ್ನ ಸೊಟ್ಟ ಕೈಯನ್ನು ಆ ಕಬ್ಬಿಣದ ಬಾಗಿಲಿಗೆ ಆನಿಸಿ ಹೇಳಿದಳು:

“ಬೀಗ ಅಂತ ಇಡಿ. ಬೀಗ ಬಂದ ಅಂದ್ಮೇಲೆ ಬಾಗ್ಲು ತೆಗೀಲೇಬೇಕಲ್ಲ?”

ಹೀಗಾಗಿ ಮಾನ್ಯರೇ, ಸಣ್ಣಬೇಲೆಗೆ ಬರುವ ಪ್ರತಿಯೊಂದು ಹೆಸರಿಲ್ಲದ ಗಾಳಿಯ ಹೆಸರು ಇನ್ನು ಮುಂದೆ ‘ಬೀಗ’. ಚಾವಿ ಕೊಡುವಾಗ ಹೆಸರು ಬರೆಯಬೇಕಾದ ಜಾಗದಲ್ಲಿ ಇದನ್ನು ಬರೆದುಕೊಳ್ಳಿ. ಎರಡೇ ಅಕ್ಷರ, ಕೈ ನೋಯುವುದಿಲ್ಲ. ಬೀಗರು ಬಂದಾಗ ನೀವು ಹುದ್ದೆ ಕೇಳುತ್ತೀರಾ, ವೇಗ ಕೇಳುತ್ತೀರಾ? ಚೊಂಬಿನಲ್ಲಿ ನೀರು ಕೊಟ್ಟು ಒಳಗೆ ಕರೆಯುತ್ತೀರಿ. ನಮ್ಮನ್ನೂ ಹಾಗೆ ಕರೆಯಿರಿ. ನೀರು ಬೇಡ, ಅದನ್ನು ನಾವು ಮೈಮೇಲೆ ಹೊತ್ತುಕೊಂಡೇ ಬಂದಿರುತ್ತೇವೆ.

ನಮ್ಮ ಹಕ್ಕೊತ್ತಾಯ ದೊಡ್ಡದಲ್ಲ. ಚಾವಿ ನಿಮ್ಮ ಡ್ರಾವರಿನಿಂದ ಎದ್ದು ಬಂದು ಮಂಜಿಯ ಮನೆಯ ಗೂಟಕ್ಕೆ ನೇತುಬೀಳಬೇಕು, ಯಾವ ದರ್ಜೆಯ ಗಾಳಿಗಾದರೂ ಬಾಗಿಲು ತೆಗೆಯುವ ಅಧಿಕಾರ ಅವಳಿಗಿರಬೇಕು. ಮೊಬೈಲಿಗೆ ಬರುವ ಎಚ್ಚರಿಕೆಯಲ್ಲಿ ‘ಕುಸಿತ’ದ ಪಕ್ಕ ‘ಗಾಳಿ ಬರುತ್ತದೆ, ಒಳಗೆ ಹೋಗಿ’ ಎಂಬ ಸಾಲು ಇರಬೇಕು. ಆ ಬಾಗಿದ ಫಲಕವನ್ನು ನೆಟ್ಟಗೆ ಮಾಡಿ ಮತ್ತೆ ಕೂರಿಸುವ ಉಪಕಾರ ಮಾತ್ರ ಬೇಡ.

ಇದಾಗದಿದ್ದರೆ, ಬರುವ ಬುಧವಾರ ಬೆಳಿಗ್ಗೆ ಹತ್ತೂವರೆಗೆ ನಿಮ್ಮ ಕಚೇರಿಯ ಬಾಗಿಲಲ್ಲಿ ‘ಬೀಗ’ನ ನಾಮಕರಣ. ಅದೇ ನಮ್ಮ ಮುಂದಿನ ಸಭೆ. ತೊಟ್ಟಿಲು, ಅಕ್ಕಿ, ಬೆಲ್ಲ ಎಲ್ಲ ನಾವೇ ತರುತ್ತೇವೆ. ಕಿವಿಯಲ್ಲಿ ಹೆಸರು ಹೇಳಲು ಸೋದರತ್ತೆಯಾಗಿ ಗಂಗಿ ಒಪ್ಪಿದ್ದಾಳೆ. ಗಾಳಿಗೆ ಕಿವಿ ಎಲ್ಲಿದೆ ಎಂಬುದು ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ, ಹೆಸರನ್ನು ನಿಮ್ಮ ಕಿವಿಯಲ್ಲೇ ಹೇಳುವುದೆಂದು ಠರಾವಾಗಿದೆ. ದಯವಿಟ್ಟು ಹತ್ತೂವರೆಗೆ ಕುರ್ಚಿಯಲ್ಲಿರಿ.

ಇಂತಿ,
ಅರವತ್ತೆರಡಕ್ಕೆ ಸ್ವಲ್ಪದರಲ್ಲಿ ಕಡಿಮೆ ಬಿದ್ದ ಊರಿನವಳು,
ಜಯಂತಿ
ಆಶ್ರಯ ಕೇಂದ್ರದ ಹೊರಗಿನ ಮೆಟ್ಟಿಲು, ಸಣ್ಣಬೇಲೆ