ಪಂಪ್‌ಹೌಸಿನ ಲಾಗ್‌ಬುಕ್

ಗುತ್ತೂರು, ಹರಿಹರ ತಾಲ್ಲೂಕು
೧೮-೧೧-೨೦೨೫, ಮಂಗಳವಾರ

ಚಿರಂಜೀವಿ ತಮ್ಮ ಮೈಲಪ್ಪನಿಗೆ,

ನಿನ್ನ ಅಕ್ಕ ಪುಷ್ಪಲತಾ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ಗಣಪತಿ ಹಬ್ಬದ ಹೊತ್ತಿಗೇ ಬರೆಯಬೇಕಿತ್ತು, ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಈ ಕಾಲದಲ್ಲಿ ಕಾಗದ ಯಾರು ಬರೆಯುತ್ತಾರೆ ಎಂದು ನೀನು ನಗಬಹುದು. ಏನು ಮಾಡಲಿ, ಗದಗಿನ ಸೈಟಿಗೆ ಹೋಗಿ ಸೂಪರ್‌ವೈಸರ್ ಆದ ಮೇಲೆ ನಿನಗೆ ಅಕ್ಕನ ಫೋನ್ ಎತ್ತಲು ಪುರುಸೊತ್ತಿಲ್ಲ. ಕಾಗದವನ್ನಾದರೂ ಕೈಯಲ್ಲಿ ಹಿಡಿಯಲೇಬೇಕಲ್ಲ.

ಅವ್ವನ ಮಂಡಿನೋವು ಹಾಗೇ ಇದೆ. ಎಣ್ಣೆ ಹಚ್ಚಲು ಕೂತರೆ ನಿನ್ನದೇ ಮಾತು. ದುರ್ಗಾ ಒಂಬತ್ತನೇ ಕ್ಲಾಸು, ನನಗಿಂತ ಎತ್ತರ ಆಗಿದ್ದಾಳೆ. ಹೋದ ತಿಂಗಳು ಜಗಳ ಮಾಡಿಕೊಂಡು ಬಂದಳು. ಯಾವುದೋ ಹುಡುಗಿ ಇವಳ ಜಾಮಿಟ್ರಿ ಬಾಕ್ಸು ಕಳೆದಾಗ "ವೈರ್ ಕಳ್ಳನ ಮಗಳ ಸಾಮಾನೂ ಕಳುವಾಗತೈತಾ?" ಎಂದಳಂತೆ. ದುರ್ಗಾ ಅಳಲಿಲ್ಲ, ಎರಡು ಬಿಟ್ಟು ಬಂದಳು. ಹೆಡ್‌ಮಿಸ್ ನನ್ನನ್ನು ಕರೆಸಿ ಬುದ್ಧಿ ಹೇಳಿದರು. ತಲೆ ಆಡಿಸಿ ಬಂದೆ, ದಾರಿಯಲ್ಲಿ ಮಗಳಿಗೆ ಮಿರ್ಚಿ ಮಂಡಕ್ಕಿ ಕೊಡಿಸಿದೆ.

ಈಗ ದೊಡ್ಡ ಸುದ್ದಿ ಹೇಳುತ್ತೇನೆ ಕೇಳು. ಲಾಗ್‌ಬುಕ್ ಸಿಕ್ಕಿತು.

ನಿನ್ನ ಭಾವ ಸತ್ತು ಬರುವ ಜನವರಿಗೆ ಎರಡು ವರ್ಷ. ಹೊಳೆದಂಡೆಯ ಪಂಪ್‌ಹೌಸಿನ ವಾಲ್ವ್ ಗುಂಡಿಯಲ್ಲಿ ಬಿದ್ದಿದ್ದವರನ್ನು ಮಧ್ಯಾಹ್ನ ಎರಡೂವರೆಗೆ ಎತ್ತಿದರು. ಮೂರನೇ ದಿನಕ್ಕೆ, ಪಂಪ್ ನಡೆಸುವ ಕಾಂಟ್ರಾಕ್ಟರ್ ಕಂಪನಿ ಪೊಲೀಸರಿಗೆ ಬರೆದು ಕೊಟ್ಟಿತು, ಅವರಿಗೆ ಅವತ್ತು ಡ್ಯೂಟಿ ಇರಲಿಲ್ಲ, ತಾಮ್ರದ ವೈರ್ ಕದಿಯಲು ಬಂದು ಬಿದ್ದರು ಎಂದು. ಸಾಕ್ಷಿಗೆ ಹಾಜರಿ ಪುಸ್ತಕ ತೋರಿಸಿದರು. ಆ ವಾರ ಅವರ ಹೆಸರಿನ ಮುಂದೆ ಒಂದೂ ಸಹಿ ಇಲ್ಲ. ಹೇಗಿರುತ್ತದೆ? ನೀನೂ ಅಲ್ಲೇ ಕೆಲಸ ಮಾಡಿದವನು, ನಿನಗೆ ಗೊತ್ತು. ಶನಿವಾರ ಮ್ಯಾನೇಜರ್ ಮಾಲತೇಶ್ ಪುಸ್ತಕ ತಂದಾಗ ಇಡೀ ವಾರದ ಸಹಿಯನ್ನು ಎಲ್ಲರೂ ಒಮ್ಮೆಲೇ ಹಾಕುವುದು ಅಲ್ಲಿನ ರೂಢಿ. ಅವರು ಸತ್ತಿದ್ದು ಗುರುವಾರ.

ಆದರೆ ಪಂಪಿನ ಲಾಗ್‌ಬುಕ್ ಹಾಗಲ್ಲ. ತಾಸಿಗೊಂದು ಸಾಲು, ಡ್ಯೂಟಿಯಲ್ಲಿದ್ದವರೇ ಬರೆಯಬೇಕು, ಅದರ ಮೇಲೇ ಕಂಪನಿಗೆ ಬಿಲ್ಲು. ಅದನ್ನು ತೋರಿಸಿ ಎಂದು ನೀರು ಸರಬರಾಜು ಆಫೀಸಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಆಫೀಸಿನ ಉತ್ತರ ಒಂದೇ ಸಾಲು: "ಸದರಿ ದಾಖಲೆ ಗುತ್ತಿಗೆದಾರರ ಬಳಿ ಇರುವುದರಿಂದ ಒದಗಿಸಲು ಬರುವುದಿಲ್ಲ." ಕಂಪನಿಗೆ ಹೋದರೆ ಮಾಲತೇಶ್, "ನಾವು ಪ್ರೈವೇಟ್‌ನೋರು ಅಕ್ಕಾರೆ, ನಮಗೆ ಆ ಕಾನೂನು ಬರಂಗಿಲ್ಲ" ಎಂದ. ಇಬ್ಬರೂ ಸೇರಿ ನನ್ನನ್ನು ಚೆಂಡು ಮಾಡಿದರು. ಮೇಲಿನ ಸಾಹೇಬರಿಗೆ ಅಪೀಲು ಹಾಕಿದರೆ ಅವರೂ ಅದೇ ಸಾಲಿಗೆ ಸೀಲು ಒತ್ತಿ ಕಳಿಸಿದರು.

ತಾಲ್ಲೂಕು ಆಫೀಸಿನ ಮುಂದೆ ಅರ್ಜಿ ಬರೆಯುವ ಜಮಾಲ್ ಸಾಬ್ ಇದ್ದಾರಲ್ಲ, ಆ ಪುಣ್ಯಾತ್ಮನೇ ದಾರಿ ತೋರಿಸಿದ್ದು. "ಬೇಟಿ, ಲಾಗ್‌ಬುಕ್ ಆಮ್ಯಾಲೆ. ಮೊದ್ಲು ಕಾಂಟ್ರಾಕ್ಟ್ ಅಗ್ರಿಮೆಂಟ್ ಕೇಳು. ಅದು ಆಫೀಸ್‌ನಾಗೇ ಐತೆ, ಇಲ್ಲ ಅನ್ನಾಕೆ ಬರಲ್ಲ." ಕೇಳಿದೆ, ಕೊಟ್ಟರು. ನಲವತ್ತೆರಡು ಪುಟ. ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ ದಿನಕ್ಕೆರಡು ಪುಟ ಓದಿದೆ. ಗುತ್ತಿಗೆದಾರರ ಯಾವ ಪುಸ್ತಕವನ್ನಾದರೂ ಇಲಾಖೆ ಯಾವಾಗ ಬೇಕಾದರೂ ತರಿಸಿ ನೋಡಬಹುದು ಎಂದು ಮೂವತ್ತೊಂದನೇ ಪುಟದಲ್ಲಿತ್ತು. ನೀವು ತರಿಸಬಹುದಾದ ಪುಸ್ತಕ ನನಗೂ ಸಿಗಬೇಕು ಎಂದು ಬೆಂಗಳೂರಿನ ಮಾಹಿತಿ ಆಯೋಗಕ್ಕೆ ಬರೆಸಿದೆ.

ವಿಚಾರಣೆ ದಾವಣಗೆರೆಯಲ್ಲಿ, ಟಿವಿ ಪರದೆ ಮುಂದೆ ಕೂರಿಸಿ ಮಾಡಿದರು. ಆಯುಕ್ತರು ಪರದೆಯೊಳಗೆ, ನಾನು, ಮಾಲತೇಶ್ ಮತ್ತು ಆಫೀಸಿನ ಮಾಹಿತಿ ಅಧಿಕಾರಿ ಇತ್ತ. ಸತ್ತವರ ಹೆಸರು ಹೇಳಿ ಎಂದರು. ಹದಿನಾರು ವರ್ಷದ ಸಂಸಾರದಲ್ಲಿ ಗಂಡನ ಹೆಸರು ನನ್ನ ಬಾಯಲ್ಲಿ ಬಂದಿರಲಿಲ್ಲ. "ಪರಶುರಾಮ" ಎಂದೆ, ಹೊರಗೆ ಕೂತವರಿಗೂ ಕೇಳುವ ಹಾಗೆ. ಮಾಹಿತಿ ಅಧಿಕಾರಿ ಅದೇ ಹಳೇ ರಾಗ ತೆಗೆದರು. ನನಗೆ ಮೈ ಉರಿಯಿತು.

"ಸಾರ್, ಪಂಪು ಸರ್ಕಾರದ್ದು, ನೀರು ಊರಿನದು, ಸತ್ತೋರು ನಮ್ಮನೆಯೋರು. ಪುಸ್ತಕ ಒಂದು ಹೆಂಗ್ರಿ ಅವರದಾಗತೈತೆ?"

ಆಯುಕ್ತರು ನಗಲಿಲ್ಲ. ಆ ಪುಸ್ತಕ ನೋಡದೆ ತಿಂಗಳ ಬಿಲ್ಲು ಹೇಗೆ ಪಾಸು ಮಾಡುತ್ತೀರಿ ಎಂದು ಅಧಿಕಾರಿಯನ್ನು ಕೇಳಿದರು. ಆತ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ. ಹದಿನೈದು ದಿನದಲ್ಲಿ ತರಿಸಿ ಈ ಹೆಣ್ಣುಮಗಳಿಗೆ ತೋರಿಸಬೇಕು, ಕೇಳಿದ ಪುಟಕ್ಕೆ ಸೀಲು ಹಾಕಿ ನಕಲು ಕೊಡಬೇಕು ಎಂದು ಆದೇಶವಾಯಿತು.

ನಿನ್ನೆ ಹೋಗಿದ್ದೆ. ಮಾಲತೇಶ್ ಪುಸ್ತಕವನ್ನು ಹಳೇ ಪೇಪರಿನಲ್ಲಿ ಸುತ್ತಿ ತಂದಿದ್ದ. ಪುಟಪುಟಕ್ಕೂ ಇಂಜಿನಿಯರರ ರುಜು ಬಿದ್ದಿತ್ತು, ಹರಿಯುವ ಹಾಗಿಲ್ಲ. ಪಾಪ, ರುಜು ಹಾಕಿದವರಲ್ಲಿ ಒಬ್ಬರೂ ಓದಿರಲಿಲ್ಲ. ಆ ಗುರುವಾರದ ಪುಟದಲ್ಲಿ ಬೆಳಗ್ಗೆ ಆರರಿಂದ ನಿನ್ನ ಭಾವನ ಅಕ್ಷರ. ಆರು, ಏಳು, ಎಂಟು, ತಾಸು ತಾಸಿಗೂ ವೋಲ್ಟೇಜು, ಪ್ರೆಶರ್ರು, ಪಕ್ಕದಲ್ಲಿ ಸಣ್ಣ ಸಹಿ. ಹನ್ನೊಂದರ ಸಾಲಿನಲ್ಲಿ ಹೀಗಿದೆ: "ವಾಲ್ವ್ ಲೀಕ್. ಫೋನ್ ಮಾಡಿದೆ, ಯಾರೂ ಬಂದಿಲ್ಲ. ನೋಡಲು ಇಳಿಯುತ್ತಿದ್ದೇನೆ."

ಕಳ್ಳ ಹೀಗೆ ಬರೆದಿಟ್ಟು ಇಳಿಯುತ್ತಾನಾ ಮೈಲಪ್ಪ? ಆ ಸಾಲಿನ ಮೇಲೆ ಬೆರಳಿಟ್ಟು ಅತ್ತೆ. ಆಫೀಸಿನವರೆಲ್ಲ ನೋಡಿದರು, ನೋಡಲಿ ಎಂದು ಅತ್ತೆ. ಇಪ್ಪತ್ತೆಂಟನೇ ತಾರೀಕು ಶುಕ್ರವಾರ ಕಾರ್ಮಿಕ ಅಧಿಕಾರಿಗಳ ಮುಂದೆ ಪರಿಹಾರದ ಕೇಸಿನ ವಿಚಾರಣೆ ಇದೆ. ಅಲ್ಲಿ ಈ ನಕಲು ಕೊಡುತ್ತೇನೆ. ಕಳ್ಳ ಎಂದು ಬರೆದ ಕೈಯಿಂದಲೇ ಡ್ಯೂಟಿಯಲ್ಲಿದ್ದ ಎಂದು ಬರೆಸುತ್ತೇನೆ. ಆ ಕಾಗದವನ್ನು ದುರ್ಗಾಳ ಶಾಲೆಗೂ ಒಯ್ದು ಹೆಡ್‌ಮಿಸ್ ಟೇಬಲ್ಲಿನ ಮೇಲೆ ಇಡುತ್ತೇನೆ. ಇವರೆಲ್ಲ ನಾನು ಸುಸ್ತಾಗಿ ಬಿಡುತ್ತೇನೆ ಎಂದು ಎರಡು ವರ್ಷ ಕಾದರು. ಇನ್ನೂ ಕಾಯಲಿ.

ನಿನ್ನ ಹೆಂಡತಿಗೆ, ಮಗುವಿಗೆ ನನ್ನ ಆಶೀರ್ವಾದ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತು ನಿನ್ನ ಅಕ್ಕ,
ಪುಷ್ಪಲತಾ

ತಾ.ಕ.: ಇಷ್ಟು ಬರೆದು ಕವರಿಗೆ ಹಾಕಿದ್ದೆ. ಅಂಟಿಸಲು ಕೈ ಬರಲಿಲ್ಲ, ಮತ್ತೆ ತೆಗೆದೆ.

ಆ ಪುಟ ಹನ್ನೊಂದಕ್ಕೆ ಮುಗಿದಿಲ್ಲ. ಹನ್ನೆರಡರ ಸಾಲಿದೆ, ಒಂದರ ಸಾಲಿದೆ. ಎರಡರಲ್ಲೂ "ಪಂಪ್ ಚಾಲೂ. ಎಲ್ಲ ಸರಿ ಇದೆ" ಎಂದಿದೆ. ಸಹಿ ಇಲ್ಲ. ಆದರೆ ಅಕ್ಷರದ ಮೇಲೆಲ್ಲ ಮಸಿ ಸವರಿದೆ, ಎಡಗೈಯಲ್ಲಿ ಬರೆದಾಗ ಅಂಗೈ ತಾಗಿ ಸವರುತ್ತದಲ್ಲ, ಹಾಗೆ. ಚಿಕ್ಕವನಿದ್ದಾಗ ಆ ಮಸಿಗಾಗಿ ಮೇಷ್ಟ್ರು ನಿನ್ನ ಕೈಗೆ ಹೊಡೆದರೆ ನಾನೇ ಹೋಗಿ ಜಗಳ ಮಾಡಿ ಬಂದಿದ್ದೆ. ನಿನ್ನ ಅಕ್ಷರ ನನಗೆ ಯಾರೂ ಗುರುತು ಹಿಡಿದು ಹೇಳಬೇಕಾಗಿಲ್ಲ. ಅವತ್ತು ಹೆಂಡತಿಯ ತವರಿಗೆ, ಕುಕ್ಕುವಾಡಕ್ಕೆ ಹೋಗಿದ್ದೆ ಎಂದು ಹೆಣದ ಮುಂದೆ ಕೂತು ನನಗೆ ಹೇಳಿದ್ದೆ. ಎರಡು ತಿಂಗಳಿಗೆ ಅದೇ ಕಂಪನಿಯಲ್ಲಿ ಸೂಪರ್‌ವೈಸರ್ ಆದೆ. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು.

ಮಾಲತೇಶ್ ಹತ್ತಿರ ಬಂದು ಮೆಲ್ಲಗೆ, "ಅಕ್ಕಾರೆ, ಹನ್ನೊಂದರ ತನಕ ನಿಮಗೆ ಸಾಕಲ್ರಿ? ಕೆಳಗಿಂದು ಮುಚ್ಚಿ ಜೆರಾಕ್ಸ್ ಮಾಡಿಸ್ತೀನಿ. ನಿಮ್ಮ ತವರಿನ ಮಾನದ ಪ್ರಶ್ನೆ ಐತೆ" ಎಂದ. ಪುಸ್ತಕ ಬಿಚ್ಚಿಟ್ಟೀರಿ, ಏನೂ ಮುಚ್ಚದೆ ಕೊಡ್ರಿ ಎಂದೆ. ಪುಟ ಪೂರ್ತಿ ತಂದಿದ್ದೇನೆ, ಸೀಲು ಹಾಕಿಸಿ. ಅವ್ವನಿಗೆ ಇನ್ನೂ ಹೇಳಿಲ್ಲ.

ಶುಕ್ರವಾರ ಅದನ್ನು ಪೂರ್ತಿಯಾಗಿಯೇ ಕೊಡುತ್ತೇನೆ. ನೀನು ಬಂದು ಬಾಯಿಬಿಟ್ಟರೆ ನನ್ನ ಪಕ್ಕದಲ್ಲಿ ನಿಲ್ಲು, ಬರದಿದ್ದರೆ ಎದುರಿಗೆ ನಿಂತ ಹಾಗೆ. ಯಾರು ನಿನಗೆ ಬರೆ ಎಂದರು, ಏನು ಆಸೆ ತೋರಿಸಿದರು, ಅದನ್ನು ಅಧಿಕಾರಿಗೆ ಹೇಳು.

ನನಗೆ ಒಂದೇ ಹೇಳು. ನೀನು "ಎಲ್ಲ ಸರಿ ಇದೆ" ಎಂದು ಬರೆಯುವಾಗ ಅವರು ಗುಂಡಿಯಿಂದ ಕೂಗುತ್ತಿದ್ದರಾ?